ಬ್ಯಾಗ್ ಕಾಯೋಕೆ ಅಪ್ಪ ಅಮ್ಮನ್ನ ಡಿಸ್ನಿಗೆ ಕರ್ಕೊಂಡು ಹೋಗ್ಬೇಡಿ

"ಮನೇಲಿ ಚಿಕ್ಕ ಮಕ್ಕಳೇ ಇಲ್ವಲ್ಲ, ಡಿಸ್ನಿ ವರ್ಲ್ಡ್‌ಗೆ ಯಾಕ್ರೀ ಹೋಗ್ತೀರ, ಅದೂ ಎಪ್ಪತ್ತು ದಾಟಿದ ಅಪ್ಪ ಅಮ್ಮನ್ನ ಕಟ್ಕೊಂಡು" ಅಂತ ಇಲ್ಲಿ ನಮ್ಮ ಕನ್ನಡದೋರು ಕೇಳಿದ್ದೇ ಕೇಳಿದ್ದು. ಊರಿಂದ ಅಪ್ಪ ಅಮ್ಮ ಬಂದ್ರೆ ಅಮೆರಿಕದಲ್ಲಿ ಏನೇನು ತೋರಿಸ್ಬೇಕು ಅನ್ನೋದಕ್ಕೆ ಒಂದು ಫಿಕ್ಸ್ ಆದ ಲಿಸ್ಟ್ ಇದೆ, ನಯಾಗರ, ನ್ಯೂಯಾರ್ಕ್ ಲಿಬರ್ಟಿ ಪ್ರತಿಮೆ, ವೈಟ್ ಹೌಸ್ ಗೇಟ್ ಮುಂದೆ ಒಂದು ಫೋಟೊ, ಆಮೇಲೆ ಯಾವುದಾದ್ರೂ ದೊಡ್ಡ ದೇವಸ್ಥಾನ, ಅಲ್ಲಿಗೆ ಮುಗೀತು. ಡಿಸ್ನಿ ವರ್ಲ್ಡ್ ಇರೋ ಫ್ಲೋರಿಡಾದ ಆರ್ಲ್ಯಾಂಡೊ ಮಾತ್ರ ಮೊಮ್ಮಕ್ಕಳಿಗೆ, ಅಜ್ಜಿ ತಾತ ಜೊತೆಗೆ ಬಂದ್ರೂ ಬೆಂಚ್ ಮೇಲೆ ಕೂತು ಬ್ಯಾಗ್ ಕಾಯೋಕೆ.

ಈ ಬ್ಯಾಗ್ ಕಾಯೋ ಡ್ಯೂಟಿ ನಮ್ಮ ಮನೆಗಳಲ್ಲಿ ಹೊಸದಲ್ಲ ಬಿಡಿ. 2005ರಲ್ಲಿ ಬಿಡದಿ ಹತ್ರ ವಂಡರ್ಲಾ ಶುರುವಾದ್ಮೇಲೆ ಅತ್ತೆ ಮಕ್ಕಳು ಮಾವನ ಮಕ್ಕಳು ಅಂತ ನಾವೊಂದು ದಂಡೇ ಹೋಗಿದ್ವಲ್ಲ, ಆಗ್ಲೂ ಅಮ್ಮ ದೊಡ್ಡಮ್ಮ ಎಲ್ಲಾ ಒದ್ದೆ ಟವೆಲ್ಲು, ವಾಚು, ಪರ್ಸು ಮಡ್ಲಲ್ಲಿಟ್ಕೊಂಡು ನೆರಳಲ್ಲಿ ಕೂತಿದ್ರು. "ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ" ಅನ್ನೋದು ಅಮ್ಮಂದಿರ ಬಾಯಲ್ಲಿ ರೆಡಿಯಾಗೇ ಇರುತ್ತೆ, ನಾವೂ ಅದನ್ನ ನಿಜ ಅಂತ ನಂಬ್ಕೊಂಡು ಹೋಗ್ಬಿಡ್ತೀವಿ, ನಂಬಿದ್ರೆ ನಮಗೂ ಅನುಕೂಲ ನೋಡಿ.

ತಮಾಷೆ ಏನಂದ್ರೆ ಡಿಸ್ನಿ ಪಾರ್ಕ್ ಹುಟ್ಟಿದ್ದೇ ಇಂಥ ಒಂದು ಬೆಂಚಿಂದ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಲ್ಲಿ ವಾಲ್ಟ್ ಡಿಸ್ನಿ ಹೆಣ್ಮಕ್ಕಳಿಬ್ಬರನ್ನ ಮೆರಿ-ಗೋ-ರೌಂಡ್ ಮೇಲೆ ಕೂರಿಸಿ ತಾನು ಬೆಂಚ್ ಮೇಲೆ ಕೂತು ನೋಡ್ತಾ ಇರೋವಾಗ, ಅಪ್ಪ ಅಮ್ಮನೂ ಮಕ್ಕಳ ಜೊತೆ ಸೇರ್ಕೊಂಡು ಮಜಾ ಮಾಡೋ ಜಾಗ ಯಾಕಿಲ್ಲ ಅಂತ ಹೊಳೀತಂತೆ, ಇದನ್ನ ಆತನೇ ಹೇಳ್ಕೊಂಡಿದಾನೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಆಯ್ತು, 1971ರಲ್ಲಿ ಫ್ಲೋರಿಡಾದ ಈ ಡಿಸ್ನಿ ವರ್ಲ್ಡ್. ನಾವು ಮಾತ್ರ ಅಷ್ಟು ದೂರ ಡ್ರೈವ್ ಮಾಡಿ, ಅಷ್ಟು ದುಡ್ಡು ಸುರಿದು, ಹಿರಿಯರನ್ನ ವಾಪಸ್ ಅದೇ ಬೆಂಚ್ ಮೇಲೇ ಕೂರಿಸ್ತೀವಿ. ದುಡ್ಡಂದ್ರೆ ಒಬ್ಬರಿಗೆ ಒಂದು ದಿನಕ್ಕೆ ಸೀಸನ್ ನೋಡ್ಕೊಂಡು 120ರಿಂದ 200 ಡಾಲರ್ ಆಸುಪಾಸು, ಹತ್ತು ವರ್ಷ ತುಂಬಿದ್ರೆ ಅವರ ಲೆಕ್ಕದಲ್ಲಿ ಅಡಲ್ಟ್, ಸೀನಿಯರ್ ಸಿಟಿಜನ್ ಅಂತ ಟಿಕೆಟ್‌ನಲ್ಲಿ ಒಂದು ರೂಪಾಯಿ ಬಿಡಲ್ಲ. ಅಪ್ಪನ ಮುಂದೆ ಮಾತ್ರ ರೇಟ್ ಬಾಯಿ ಬಿಡ್ಬೇಡಿ, ರೂಪಾಯಿಗೆ ಗುಣಿಸಿ ಅಲ್ಲೇ ವಾಪಸ್ ಹೊರಟ್ಬಿಡ್ತಾರೆ.

ನಾವು ಹೋಗಿದ್ದು ಅಪ್ಪ, ಅಮ್ಮ, ನಾನು, ನಮ್ಮನೆಯವರು, ನನ್ನ ಮೈದುನ, ಓರಗಿತ್ತಿ, ಕಾಲೇಜಿಗೆ ಹೋಗೋ ಮಗಳು. ಎಲ್ಲರೂ ದೊಡ್ಡೋರೇ, ಅತ್ತು ರಂಪ ಮಾಡೋರು ಯಾರೂ ಇಲ್ಲ, ಆದ್ರೆ ಮುನಿಸ್ಕೊಳ್ಳೋರು ಏಳಕ್ಕೇಳೂ ಜನ. ಒಂದ್ ಮಗು ಹಠ ಮಾಡಿದ್ರೆ ಐಸ್‌ಕ್ರೀಮ್ ಕೊಡಿಸ್ಬಹುದು, ಐವತ್ತು ವರ್ಷದ ಗಂಡ ಬಿಸಿಲಲ್ಲಿ ಮುಖ ಊದಿಸ್ಕೊಂಡ್ರೆ ಏನ್ ಮಾಡ್ತೀರ? ಹಾಗಾಗಿ ಹೊರಡೋಕೆ ಮುಂಚೆನೇ ಹೇಳ್ಬಿಟ್ಟಿದ್ದೆ, ಎಲ್ಲರೂ ಎಲ್ಲಾ ಕಡೆ ಒಟ್ಟಿಗೇ ಹೋಗ್ಬೇಕು ಅನ್ನೋ ಮದುವೆ ದಿಬ್ಬಣದ ಬುದ್ಧಿ ಇಲ್ಲಿ ಬೇಡ. ಮಗಳು, ಮೈದುನ, ಓರಗಿತ್ತಿ ಬೆಳಗ್ಗೆನೇ ಎವರೆಸ್ಟ್ ರೋಲರ್ ಕೋಸ್ಟರ್ ಕಡೆ ಓಡ್ಲಿ, ನಾವು ನಿಧಾನಕ್ಕೆ ಬರ್ತೀವಿ, ಊಟಕ್ಕೆ ಇಂಥ ಜಾಗದಲ್ಲಿ ಸಿಗೋಣ, ಅಷ್ಟೇ. ಪಾರ್ಕಲ್ಲಿ ಫ್ರೀ ವೈಫೈ ಇರೋದ್ರಿಂದ ಅಪ್ಪನ ಇಂಡಿಯಾ ಫೋನಲ್ಲೂ ವಾಟ್ಸಾಪ್ ನಡೆಯುತ್ತೆ.

ನಿಜವಾದ ಜಗಳ ಆಗಿದ್ದು ವೀಲ್‌ಚೇರಿಗೆ. ಆ ಜಾಗ ಎಷ್ಟು ದೊಡ್ಡದು ಅಂದ್ರೆ ಬಿಡದಿ ವಂಡರ್ಲಾ 82 ಎಕರೆ, ಇದು ಒಟ್ಟು 25 ಸಾವಿರ ಎಕರೆ ಹತ್ರ, ಒಳಗೆ ನಾಕು ಪಾರ್ಕು, ಅದ್ರಲ್ಲೊಂದಾದ ಎಪ್ಕಾಟ್‌ನಲ್ಲಿ ಕೆರೆ ಸುತ್ತ ಹನ್ನೊಂದು ದೇಶಗಳ ಸೆಟ್ ಹಾಕಿರೋ ದಾರಿನೇ ಎರಡು ಕಿಲೋಮೀಟರ್ ಹತ್ರ ಇದೆ (ಆ ಹನ್ನೊಂದರಲ್ಲಿ ಇಂಡಿಯಾ ಇಲ್ಲ, ಅಮ್ಮ ಎರಡು ಸಲ ಎಣಿಸಿದ್ರು). ಮಂಡಿನೋವು ಇರೋರಿಗೆ ನಡೆಯೋಕಾಗಲ್ಲ, ಬಾಡಿಗೆಗೆ ವೀಲ್‌ಚೇರ್ ಸಿಗುತ್ತೆ. ಆದ್ರೆ ಅಮ್ಮ, "ನನಗೇನಾಗಿದೆ ಅಂತ ಅದ್ರಲ್ಲಿ ಕೂರ್ಬೇಕೇ, ನೋಡ್ದೋರು ಏನಂತಾರೆ" ಅಂತ ಶುರು ಹಚ್ಕೊಂಡ್ರು. ನಮ್ಮ ಕಡೆ ವೀಲ್‌ಚೇರ್ ಅಂದ್ರೆ ಆಸ್ಪತ್ರೆನೇ, ಮಧ್ಯದಲ್ಲಿ ಇನ್ನೊಂದು ಅರ್ಥನೇ ಇಲ್ಲ. ನಾನೇನೂ ವಾದ ಮಾಡ್ಲಿಲ್ಲ, ಚೇರ್ ತಗೊಂಡು ಅದ್ರ ಮೇಲೆ ಬ್ಯಾಗ್‌ಗಳನ್ನ ಹೇರ್ಕೊಂಡು ತಳ್ಕೊಂಡು ಹೊರಟೆ. ಸ್ವಲ್ಪ ದೂರ ಹೋದ್ಮೇಲೆ ಅಮ್ಮನೇ "ಆ ಬ್ಯಾಗ್ ನನ್ ಕೈಗೆ ಕೊಡು, ನಾನೇ ಕೂತ್ಕೊಳ್ತೀನಿ" ಅಂದ್ರು. ಒಂದು ವಿಷ್ಯ ತಿಳ್ಕೊಳ್ಳಿ, ವೀಲ್‌ಚೇರ್ ಇದೆ ಅಂತ ಕ್ಯೂ ತಪ್ಪಲ್ಲ, ಬಹಳಷ್ಟು ರೈಡ್‌ಗಳಲ್ಲಿ ಎಲ್ಲರ ಜೊತೆ ಅದೇ ಕ್ಯೂ. ಕ್ಯೂ ತಪ್ಪಿಸ್ಬೇಕಂದ್ರೆ ಲೈಟ್ನಿಂಗ್ ಲೇನ್ ಅಂತ ಬೇರೆ ದುಡ್ಡು. ಮುಂಚೆ ಫಾಸ್ಟ್‌ಪಾಸ್ ಅಂತ ಫ್ರೀ ಇತ್ತು, 2021ರಿಂದ ಅದಕ್ಕೂ ದುಡ್ಡು ಮಾಡಿದ್ರು. ನಾನು ಮೈ ಪರಚಿಕೊಳ್ತಿದ್ರೆ ಅಪ್ಪ ಮಾತ್ರ ಕೂಲಾಗಿ, ತಿರುಪತೀಲಿ 300 ರೂಪಾಯಿ ದರ್ಶನ ಇಲ್ವಾ, ಹಂಗೇ ಇದೂ ಅಂದ್ಬಿಟ್ರು.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ಎಪ್ಕಾಟ್‌ನಲ್ಲಿ ಲಿವಿಂಗ್ ವಿತ್ ದ ಲ್ಯಾಂಡ್ ಅಂತ ಒಂದು ದೋಣಿ ರೈಡ್ ಇದೆ, ಕಾಲು ಗಂಟೆ ಹತ್ರ. ಹುಡುಗ್ರು ಅದನ್ನ ಕ್ಯಾರೇ ಅನ್ನಲ್ಲ. ದೋಣಿ ಕೊನೇಲಿ ನಿಜವಾದ ಗ್ರೀನ್‌ಹೌಸ್‌ಗಳ ಒಳಗೇ ಹೋಗುತ್ತೆ, ಟೊಮೇಟೊ ಬಳ್ಳಿ ಚಪ್ಪರದ ಥರ ಮೇಲೆ ಹಬ್ಬಿರುತ್ತೆ, ಕೆಲವು ಗಿಡಗಳ ಬೇರು ಮಣ್ಣೂ ಇಲ್ದೆ ನೀರೂ ಇಲ್ದೆ ಗಾಳೀಲಿ ಜೋತಾಡ್ತಿರುತ್ತೆ, ಅದಕ್ಕೆ ಗೊಬ್ಬರದ ನೀರನ್ನ ಸಣ್ಣಗೆ ಚಿಮುಕಿಸ್ತಾರೆ. ಅರಸೀಕೆರೆ ಕಡೆ ತೆಂಗಿನ ತೋಟ, ಬೋರ್‌ವೆಲ್ಲು, ನುಸಿರೋಗ ಅಂತ ಜೀವಮಾನ ಕಳೆದಿರೋ ನಮ್ಮಪ್ಪ ದೋಣಿಯಿಂದ ಅರ್ಧ ಆಚೆ ಬಗ್ಗಿ ಆ ಬಿಳೀ ಬೇರನ್ನ ನೋಡ್ತಾ, "ಮಣ್ಣಿಲ್ದೆ ಗಾಳಿಗೆ ಹೆಂಗೆ ನಿಲ್ಲುತ್ತೆ, ಬುಡಕ್ಕೆ ಏನ್ ಕಟ್ಟಿದಾರೆ ನೋಡು, ನೋಡು" ಅಂತ ನನ್ನ ಭುಜ ಅಲ್ಲಾಡಿಸ್ತಾ ಇದ್ರು. ಇಳಿದ ತಕ್ಷಣ ಇನ್ನೊಂದ್ಸಲ ಹೋಗೋಣ ಅಂದ್ರು. ಇಡೀ ಟ್ರಿಪ್‌ನಲ್ಲಿ ಯಾವ ರೈಡ್‌ಗಾದ್ರೂ ಎರಡನೇ ಸಲ ಕ್ಯೂ ನಿಂತೋರು ಅಂದ್ರೆ ನಮ್ಮಪ್ಪ ಒಬ್ರೇ.

ಅಮ್ಮಂದು ಬೇರೆ ಟೇಸ್ಟು. ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಅಂತ 1964ರ ನ್ಯೂಯಾರ್ಕ್ ವರ್ಲ್ಡ್ ಫೇರ್‌ಗೆ ಮಾಡಿದ ಹಳೇ ಶೋ, ಬೊಂಬೆಗಳ ಒಂದು ಸಂಸಾರ, ನಾವು ಕೂತಿರೋ ಸೀಟುಗಳೇ ಸ್ಟೇಜ್ ಸುತ್ತ ತಿರುಗುತ್ತೆ, ಐಸ್ ಬಾಕ್ಸ್ ಕಾಲದ ಅಡುಗೆಮನೆಯಿಂದ ಶುರುವಾಗಿ ಕರೆಂಟ್ ಬಂದು ಮನೆ ತುಂಬಾ ವೈರ್ ಹರಡ್ಕೊಂಡು ಫ್ಯೂಸ್ ಹೋಗುತ್ತೆ. ಇಂಗ್ಲಿಷ್ ಅರ್ಧ ಅರ್ಥ ಆಗದೇ ಇದ್ರೂ ಫ್ಯೂಸ್ ಹೋದಾಗ ಅಮ್ಮ ಜೋರಾಗಿ ನಕ್ಕಿದ್ದಕ್ಕೆ ಮುಂದಿನ ಸಾಲಿನೋರು ತಿರುಗಿ ನೋಡಿದ್ರು. ಆಮೇಲೆ ಸೋರಿನ್ ಅನ್ನೋ ರೈಡ್. ಸೀಟ್ ಸಮೇತ ಮೇಲಕ್ಕೆತ್ತಿ ದೊಡ್ಡ ಸ್ಕ್ರೀನ್ ಮುಂದೆ ತೇಲಿಸ್ತಾರೆ, ಕಾಲು ಜೋತಾಡುತ್ತೆ. ಅಮ್ಮ ಚಪ್ಪಲಿ ಬಿಚ್ಚಿ ಕೆಳಗೆ ನೀಟಾಗಿ ಜೋಡಿಸಿಟ್ಟು ಹತ್ತಿದ್ರು, ತಾಜ್ ಮಹಲ್ ಮೇಲೆ ಹಾರೋವಾಗ ನನ್ ಕಡೆ ತಿರುಗಿ "ಆಗ್ರಾಗೆ ಕರ್ಕೊಂಡು ಹೋಗ್ತೀನಿ ಅಂತ ನಿಮ್ಮಪ್ಪ ಮದುವೆ ಆದಾಗಿಂದ ಹೇಳ್ತಾನೇ ಇದಾರೆ" ಅಂತ ಅಪ್ಪಂಗೆ ಕೇಳೋ ಹಾಗೆ ಹೇಳಿದ್ರು.

ಎಲ್ಲಾ ಚೆನ್ನಾಗಿತ್ತು ಅಂತ ಬಿಲ್ಡಪ್ ಕೊಡಲ್ಲ. ಅನಿಮಲ್ ಕಿಂಗ್‌ಡಮ್ ಅನ್ನೋ ಇನ್ನೊಂದು ಪಾರ್ಕಲ್ಲಿ ಆನಂದಪುರ ಅಂತ ಏಷ್ಯಾದ ಊರೊಂದನ್ನ ಸೃಷ್ಟಿ ಮಾಡಿದಾರೆ, ಸುಣ್ಣ ಉದುರಿದ ಗೋಡೆ, ಪಾಳು ಅರಮನೆ, ಹುಲಿ. ಅಪ್ಪ ಗೋಡೆ ತಟ್ಟಿ ನೋಡಿ "ಹೊಸ ಗೋಡೆಗೆ ದುಡ್ಡು ಕೊಟ್ಟು ಹಳೇ ಬಣ್ಣ ಹೊಡೆಸಿದಾರಲ್ಲ" ಅಂತ ಹೇಳಿ ಮುಂದಕ್ಕೆ ಹೋದ್ರು. ರಾತ್ರಿ ಪಟಾಕಿ ಶೋಗೆ ಕಾಯೋಕೆ ಹಿರಿಯರಿಗೆ ಆಗಲ್ಲ, ಒತ್ತಾಯ ಮಾಡ್ಬೇಡಿ, ಎಂಟು ಗಂಟೆಗೆ ಯಾರಾದ್ರೂ ಒಬ್ರು ರೂಮಿಗೆ ವಾಪಸ್ ಕರ್ಕೊಂಡು ಹೋಗ್ಲಿ. ಮತ್ತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಹೋಗ್ಬೇಡಿ, ಸೆಖೆ ಅಂದ್ರೆ ಸೆಖೆ, ಮಧ್ಯಾಹ್ನ ಗುಡುಗು ಸಿಡಿಲು ಶುರುವಾದ್ರೆ ಆಚೆ ಇರೋ ರೈಡ್ ಎಲ್ಲಾ ನಿಲ್ಲಿಸ್ತಾರೆ. ಚಳಿಗಾಲಕ್ಕೆ ಬರೋ ಹಾಗೆ ಅಪ್ಪ ಅಮ್ಮಂದಿರ ಟಿಕೆಟ್ ಮಾಡಿ.

ಊಟದ ಬಗ್ಗೆ ಇನ್‌ಬಾಕ್ಸಲ್ಲಿ ತುಂಬಾ ಜನ ಕೇಳಿದೀರ. ಮನೆ ಊಟ ಒಳಗೆ ತಗೊಂಡು ಹೋಗ್ಬಹುದು, ಬಿಸಿ ಮಾಡೋ ಅವಶ್ಯಕತೆ ಇರೋದು ಬೇಡ, ನಾವು ಪುಳಿಯೋಗರೆ, ಚಪಾತಿ ಒಯ್ದಿದ್ವಿ. ಕೌಂಟರ್‌ನಲ್ಲಿ ಕೇಳಿದ್ರೆ ಕುಡಿಯೋ ನೀರು ಲೋಟದಲ್ಲಿ ಫ್ರೀಯಾಗಿ ಕೊಡ್ತಾರೆ, ಐಸ್ ಬೇಡ ಅಂತ ಮೊದ್ಲೇ ಹೇಳಿ. ಗಾಜಿನ ಬಾಟಲ್ ಬಿಡಲ್ಲ, ಉಪ್ಪಿನಕಾಯಿನ ಪ್ಲಾಸ್ಟಿಕ್ ಡಬ್ಬಿಗೆ ಹಾಕ್ಕೊಳ್ಳಿ.