ಟು-ಲೆಟ್: ಬೆಕ್ಕಿದ್ದವರಿಗೆ ಆದ್ಯತೆ

ಬೆಂಗಳೂರಿನ ಸ್ಕೂಟರ್ ಸವಾರನನ್ನು ನಿಲ್ಲಿಸುವ ಶಕ್ತಿ ಇರುವುದು ಒಂದೇ ಒಂದು ಪ್ರಾಣಿಗೆ. ಕೆಂಪು ದೀಪಕ್ಕೆ ಅವನು ನಿಲ್ಲುವುದಿಲ್ಲ. ಜೀಬ್ರಾ ಪಟ್ಟಿಯ ಮೇಲೆ ನಡುಗುತ್ತಾ ನಿಂತ ಅಜ್ಜಿಗೂ ನಿಲ್ಲುವುದಿಲ್ಲ. ಆಂಬುಲೆನ್ಸ್ ಬಂದರೆ ದಾರಿ ಬಿಟ್ಟು, ಆಮೇಲೆ ಅದರ ಬೆನ್ನು ಹಿಡಿದು ನುಗ್ಗುತ್ತಾನೆ. ಆದರೆ ಕರಿ ಬೆಕ್ಕೊಂದು ಈ ಮೋರಿಯಿಂದ ಆ ಮೋರಿಗೆ ಹೋಗಲಿ, ಗಕ್ಕನೆ ಬ್ರೇಕು ಬೀಳುತ್ತದೆ. ಹಿಂದಿನಿಂದ ಬರುವ ಬಡಪಾಯಿ ಯಾರಾದರೂ ಮೊದಲು ದಾಟಿ ಅಪಶಕುನವನ್ನು ತನ್ನ ಮೈಮೇಲೆ ಎಳೆದುಕೊಳ್ಳಲಿ ಎಂದು ಕಾಲು ಊರಿ ಕಾಯುತ್ತಾನೆ. ಸಂಚಾರ ಪೊಲೀಸರು ಸರ್ಕಲ್ಲಿಗೊಂದು ಕ್ಯಾಮೆರಾ ಹಾಕುವ ಬದಲು ಸರ್ಕಲ್ಲಿಗೊಂದು ಬೆಕ್ಕನ್ನು ನೇಮಿಸಿಕೊಂಡಿದ್ದರೆ ದಂಡದ ರಸೀದಿ ಪುಸ್ತಕವೇ ಬೇಕಾಗುತ್ತಿರಲಿಲ್ಲ.

ಇದೇ ಊರಿನ ಅಪಾರ್ಟ್‌ಮೆಂಟುಗಳ ಒಳಗೆ ಈಗ ಬೆಕ್ಕು ದಿನಕ್ಕೆ ನಲವತ್ತು ಸಲ ಯಜಮಾನರಿಗೆ ಅಡ್ಡ ಬರುತ್ತಿದೆ. ಸ್ನಾನಕ್ಕೆ ಹೊರಟರೆ ಅಡ್ಡ, ದೇವರ ಮುಂದೆ ಕೂತರೆ ಅಡ್ಡ, ಲ್ಯಾಪ್‌ಟಾಪ್ ತೆರೆದರೆ ಕೀಬೋರ್ಡಿನ ಮೇಲೆ ಉದ್ದಕ್ಕೆ ಅಡ್ಡ. ‘ಐದು ನಿಮಿಷ ಕೂತು, ನೀರು ಕುಡಿದು ಹೊರಡೋಣ’ ಎಂದು ಒಬ್ಬರೂ ಅನ್ನುವುದಿಲ್ಲ. ವಿಚಾರವಾದಿಗಳು ದಶಕಗಟ್ಟಲೆ ಗಂಟಲು ಹರಿದುಕೊಂಡರೂ ಅಲ್ಲಾಡದಿದ್ದ ಶಕುನಶಾಸ್ತ್ರವನ್ನು ಮೂರು ಕೆಜಿ ತೂಕದ ಪ್ರಾಣಿ ಮಲಗಿಕೊಂಡೇ ಮುಗಿಸಿಬಿಟ್ಟಿತು.

ನಾನು ಹೇಳಹೊರಟಿರುವುದು ಒಂದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರ ವಿಷಯ. ಯಾವ ಅಪಾರ್ಟ್‌ಮೆಂಟು ಅಂತ ಕೇಳಬೇಡಿ, ನಿಮ್ಮದೇ ಇರಬಹುದು. ನಿವೃತ್ತರು, ಶಿಸ್ತಿನವರು. ಸ್ವಂತಕ್ಕೊಂದು, ಬಾಡಿಗೆಗೆ ಇನ್ನೆರಡು ಫ್ಲಾಟು ಉಂಟು. ಅವರ ಟು-ಲೆಟ್ ಬೋರ್ಡು ಒಂದು ಸಣ್ಣ ಸಂವಿಧಾನ: ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ, ಬ್ಯಾಚುಲರ್‌ಗಳಿಗೆ ಇಲ್ಲ, ಸಾಕುಪ್ರಾಣಿಗೆ ಇಲ್ಲ, ಹತ್ತು ತಿಂಗಳ ಅಡ್ವಾನ್ಸು. ಭಾನುವಾರ ಮಧ್ಯಾಹ್ನ ಅವರು ಮೆಟ್ಟಿಲ ಮೇಲೇ ಓಡಾಡುತ್ತಿದ್ದರು. ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದರಾದರೂ ಪ್ರತಿ ಬಾಗಿಲ ಮುಂದೆ ಉಸಿರು ದೀರ್ಘವಾಗುತ್ತಿತ್ತು. ಎರಡನೇ ಮಹಡಿಯಲ್ಲಿ ಒಮ್ಮೆ ಒಣ ಸೀಗಡಿಯ ಚಟ್ನಿ ಮಾಡಿದವರು ತಿಂಗಳೊಳಗೆ ಮನೆ ಖಾಲಿ ಮಾಡಿದರು. ಅಡ್ವಾನ್ಸಿನಲ್ಲಿ ಬಣ್ಣದ ಖರ್ಚೂ ಮುರಿಯಲ್ಪಟ್ಟಿತು. ಗೋಡೆಗೆ ವಾಸನೆ ಹಿಡಿದಿತ್ತಂತೆ.

ಈ ಕೋಟೆಯೊಳಗೆ ಬೆಕ್ಕು ಬಂದದ್ದು ಎಲ್ಲ ಮನೆಗೆ ಬರುವ ದಾರಿಯಲ್ಲೇ. ಬೇಸ್‌ಮೆಂಟಿನಲ್ಲಿ ಕಾರಿನ ಬಾನೆಟ್ ಒಳಗೆ ಕೂತು ಅರಚುತ್ತಿದ್ದ ಮರಿಯನ್ನು ಮಗಳು ಮೇಲೆ ತಂದಳು. ‘ಎರಡು ದಿನ ಇರಲಿ ಅಪ್ಪಾ’ ಅಂದಳು. ಆರು ತಿಂಗಳಿಗೆ ಎಂ.ಎಸ್. ಮಾಡಲು ಕೆನಡಾಕ್ಕೆ ಹಾರಿದಳು. ಬೆಕ್ಕಿಗೆ ವೀಸಾ ಇರಲಿಲ್ಲ.

ಮೊದಮೊದಲು ಅಧ್ಯಕ್ಷರು ಮೊಸರನ್ನ ಹಾಕಿದರು. ಬೆಕ್ಕು ಮೂಸಿ, ಮಣ್ಣು ಮುಚ್ಚುವವರ ಹಾಗೆ ತಟ್ಟೆಯ ಸುತ್ತ ನೆಲ ಕೆರೆದು ಹೋಯಿತು. ಯುಗಾದಿಗೆ ಅವರ ಶ್ರೀಮತಿ ತುಪ್ಪ ಹಚ್ಚಿ ಹೋಳಿಗೆ ಇಟ್ಟರು. ಅದು ತಿರುಗಿ ನೋಡಲಿಲ್ಲ. ಆಕೆಗೆ ಬೇಜಾರಾಯಿತು; ನೆಂಟರಲ್ಲಿ ಯಾರೂ ಆಕೆಯ ಹೋಳಿಗೆಯನ್ನು ಹಾಗೆ ಅವಮಾನಿಸಿದ್ದಿಲ್ಲ. ಬೆಕ್ಕಿನ ತಪ್ಪಲ್ಲ. ಬೆಕ್ಕಿನ ಜಾತಿಗೆ ಸಿಹಿಯೇ ತಿಳಿಯುವುದಿಲ್ಲ. ಸಿಹಿ ಗುರುತಿಸುವ ಜೀನು ಅವುಗಳಲ್ಲಿ ಕೆಟ್ಟು ಕೂತಿದೆ ಎಂದು 2005ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಹಾಲು ಕೊಟ್ಟರೆ ಹೊಟ್ಟೆ ಕೆಟ್ಟಿತು. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಕೃಷ್ಣದೇವರಾಯ ಇಲಿ ಕಾಟಕ್ಕೆಂದು ಮನೆಮನೆಗೆ ಬೆಕ್ಕು, ಬೆಕ್ಕಿನ ಹಾಲಿಗೆಂದು ಜೊತೆಗೊಂದು ಹಸು ಹಂಚಿದ ಕಥೆ ನಮಗೆಲ್ಲ ಗೊತ್ತು. ಈ ನೆಲದ ಮೊದಲ ‘ಭಾಗ್ಯ’ ಯೋಜನೆ ಅದೇ ಇರಬೇಕು. ಬಿಸಿ ಹಾಲಿಟ್ಟು ಬೆಕ್ಕಿನ ಮೂತಿ ಸುಟ್ಟ ತೆನಾಲಿ ರಾಮಕೃಷ್ಣನನ್ನು ನಾವು ಕಿಲಾಡಿ ಎಂದು ನಕ್ಕೆವು. ಈಗ ಲೆಕ್ಕ ಹಾಕಿದರೆ ಇಡೀ ವಿಜಯನಗರದಲ್ಲಿ ಭೇದಿಯಿಂದ ಪಾರಾದ ಬೆಕ್ಕು ಅವನದೊಂದೇ.

ಕೊನೆಗೆ ಪಶುವೈದ್ಯರು ಕನ್ನಡಕ ತೆಗೆದು ಹೇಳಿದರು: ಬೆಕ್ಕು ಹುಟ್ಟಾ ಮಾಂಸಾಹಾರಿ, ಟಾರೀನ್ ಅನ್ನುವ ಅಂಶ ಅದರ ಮೈಯಲ್ಲಿ ಬೇಕಾದಷ್ಟು ತಯಾರಾಗುವುದಿಲ್ಲ, ಅದು ಮಾಂಸ ಮೀನಿನಿಂದಲೇ ಸಿಗಬೇಕು, ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಅಧ್ಯಕ್ಷರು ಆ ರಾತ್ರಿ ಮಲಗಲಿಲ್ಲವಂತೆ. ಬೆಳಗಾಗುವುದರೊಳಗೆ ಶಾಸ್ತ್ರ ಸಿದ್ಧವಾಗಿತ್ತು. ಅಂಗಡಿಯ ಬೆಕ್ಕಿನೂಟದ ಪೌಚಿನಲ್ಲಿರುವುದು ಮೀನಲ್ಲ, ಔಷಧಿ. ಆಪದ್ಧರ್ಮ ಎಂಬ ಮಾತು ಇರುವುದೇ ಇಂಥದ್ದಕ್ಕೆ. ಅಡುಗೆಮನೆಗೆ ತರುವಂತಿಲ್ಲ, ಯುಟಿಲಿಟಿ ಬಾಲ್ಕನಿ ಮನೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪೌಚ್ ಹರಿಯುವವರು ಯಾರು? ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮನೆಕೆಲಸದ ಅಕ್ಕನ ಮುಖ ನೋಡಿದರು.

ಆಕೆ ಹರಿದಳು, ಮೂಸಿದಳು, ಬೆಲೆ ಕೇಳಿದಳು. 85 ಗ್ರಾಮಿಗೆ ಐವತ್ತು ರೂಪಾಯಿಯ ಹತ್ತಿರ ಎಂದಾಗ ಅಲ್ಲೇ ಕೂತುಬಿಟ್ಟಳು. ‘ಅಮ್ಮಾ, ಈ ಲೆಕ್ಕದಲ್ಲಿ ಕೇಜಿಗೆ ಆರ್ನೂರು ಆಯ್ತು! ನಮ್ಮ ಸಂತೇಲಿ ಮತ್ತಿ ಮೀನು ಇದರ ಅರ್ಧಕ್ಕೂ ಕಮ್ಮಿ. ಮುಳ್ಳು ತೆಗೆದು ಬೇಯಿಸ್ಕೊಂಡು ತರ್ತೀನಿ, ಬಿಡಿ.’ ಯಜಮಾನತಿ ಬೆಚ್ಚಿಬಿದ್ದರು. ‘ಅಯ್ಯೋ, ಮನೆಯೊಳಗೆ ಮೀನಾ? ಬೇಡ ಬೇಡ!’ ಬೆಕ್ಕು ಇಬ್ಬರ ಕಾಲ ನಡುವೆ ಕೂತು ಟ್ಯೂನಾ ನೆಕ್ಕುತ್ತಿತ್ತು.

ತಿಂದದ್ದು ಹೊರಗೆ ಹೋಗುವ ವಿಭಾಗ ಇನ್ನೂ ಸೊಗಸು. ಹಳೇ ಕಾಲದ ಬೆಕ್ಕಿಗೆ ಹಿತ್ತಲಿತ್ತು, ಮಣ್ಣಿತ್ತು, ಖರ್ಚಿರಲಿಲ್ಲ. ಈಗ ಹಿತ್ತಲ ಜಾಗದಲ್ಲಿ ಪಾರ್ಕಿಂಗ್ ಇದೆ. ಹಾಗಾಗಿ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಚೀಲಗಟ್ಟಲೆ ಕೊಳ್ಳಬೇಕು. ನಮ್ಮ ದೇಶದಲ್ಲಿ ಅದನ್ನು ಹೇರಳವಾಗಿ ಅಗೆಯುವುದು ಗುಜರಾತಿನ ಕಛ್‌ನಲ್ಲಿ. ಮನೆ ಕಟ್ಟುವವನಿಗೆ ಒಂದು ಲೋಡು ಮರಳು ಸಿಗದ ರಾಜ್ಯದಲ್ಲಿ ಬೆಕ್ಕು ಪಾಯಖಾನೆಗೆ ಹೋಗಲು ಹೊರರಾಜ್ಯದ ಮಣ್ಣು ಕೊರಿಯರ್‌ನಲ್ಲಿ ಬಾಗಿಲಿಗೆ ಬರುತ್ತದೆ. ಧೂಳು ಜಾಸ್ತಿ ಎಂದು ಅಧ್ಯಕ್ಷರು ಈಚೆಗೆ ಮಣ್ಣಿನ ಬದಲು ಹಾಕುವ ‘ತೋಫು ಲಿಟರ್’ಗೆ ಬದಲಾಗಿದ್ದಾರೆ. ಸೋಯಾ ಹಿಂಡಿಯ ಹರಳು, ಪೂರ್ತಿ ಸಸ್ಯಮೂಲ. ಅಂದರೆ ಈಗ ಆ ಶುದ್ಧ ಸಸ್ಯಾಹಾರಿ ಮನೆಯಲ್ಲಿ ಮೀನು ಬಟ್ಟಲಿನಲ್ಲಿದೆ, ಸೋಯಾ ಕಕ್ಕಸಿನಲ್ಲಿದೆ. ಅಧ್ಯಕ್ಷರು ಮಾತ್ರ ಮೊಸರನ್ನವನ್ನೇ ತಿನ್ನುತ್ತಾರೆ. ಬೆಕ್ಕು ಬಿಟ್ಟದ್ದನ್ನು.

ಸಂಘದ ಬೈಲಾದಲ್ಲಿ ‘ಸಾಕುಪ್ರಾಣಿ ನಿಷಿದ್ಧ’ ಎಂಬ ಸಾಲು ಇತ್ತಲ್ಲ, ಅದನ್ನು ಬರೆಸಿದವರೂ ಇವರೇ. ಸರ್ವಸದಸ್ಯರ ಸಭೆಯಲ್ಲಿ ಯಾರೋ ಅದನ್ನು ಎತ್ತಿದರು. ಅಧ್ಯಕ್ಷರು ಎದ್ದು ನಿಂತು ಭಾರತ ಸಂವಿಧಾನ ಎಂದಾಗ ಹಿಂದಿನ ಸಾಲಿನವರು ಫೋನ್ ಕೆಳಗಿಟ್ಟರು. 51ಎ (ಜಿ) ವಿಧಿ, ಜೀವಿಗಳ ಬಗ್ಗೆ ಕರುಣೆ ತೋರುವುದು ಪ್ರಜೆಯ ಮೂಲಭೂತ ಕರ್ತವ್ಯ. ಅದರ ಮೇಲೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರತಿ: ಬಹುಮತವಿದ್ದರೂ ಸಂಘಗಳು ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿಗೆ ಬಿಡುವುದಿಲ್ಲ ಅನ್ನುವಂತಿಲ್ಲ. ಮಾತು ನೂರಕ್ಕೆ ನೂರು ಸರಿ. ನಿರ್ಣಯ ಅಂಗೀಕಾರವಾಯಿತು. ಸಿಂಬಾ ಎಂಬ ಆ ಬೆಕ್ಕು ಈಗ ಬೆನ್ನಿಗೆ ಹಾಕುವ ಗಾಜಿನ ಕಿಟಕಿಯ ಚೀಲದಲ್ಲಿ ಕೂತು, ಕನ್ನಡಿಯಿರುವ ದೊಡ್ಡ ಲಿಫ್ಟಿನಲ್ಲಿ ಇಳಿದು ಹತ್ತುತ್ತದೆ.

ಅದೇ ಲಿಫ್ಟಿನ ಬಾಗಿಲ ಪಕ್ಕ ಒಂದು ಚೀಟಿ ಅಂಟಿಸಿದೆ: ‘ಮನೆಕೆಲಸದವರು, ಡೆಲಿವರಿಯವರು ಸರ್ವಿಸ್ ಲಿಫ್ಟ್ ಮಾತ್ರ ಬಳಸತಕ್ಕದ್ದು.’ ಸರ್ವಿಸ್ ಲಿಫ್ಟು ಕೆಟ್ಟು ನಿಂತಿರುವುದರಿಂದ ಅಕ್ಕ ಬೆಕ್ಕಿನ ಮಣ್ಣಿನ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಾಳೆ. ಒಮ್ಮೆ ಕೇಳಿಯೂ ಬಿಟ್ಟಳು: ‘ಸಾರ್, ನಾನು ಸಿಂಬಾನ ಜೊತೇಲಿ ಹೋದ್ರೆ ದೊಡ್ಡ ಲಿಫ್ಟಾ, ಸಣ್ಣ ಲಿಫ್ಟಾ?’ ಅಧ್ಯಕ್ಷರು ಯೋಚಿಸಿದರು. ಸಿಂಬಾ ಜೊತೆಗಿದ್ದರೆ ದೊಡ್ಡದರಲ್ಲಿ ಬರಬಹುದು. ಸಿಂಬಾನನ್ನು ಬಿಟ್ಟು ವಾಪಸ್ ಹೋಗುವಾಗ ಮೆಟ್ಟಿಲು. ಪ್ರಾಣಿಗಳ ಬಗ್ಗೆ ಮಾರ್ಗಸೂಚಿ ಬರೆದ ಮಂಡಳಿಗೆ ಅಕ್ಕನ ವಿಷಯ ಬರುವುದಿಲ್ಲ, ಅದು ಅವರ ವ್ಯಾಪ್ತಿಯಲ್ಲ. ಯಾರ ವ್ಯಾಪ್ತಿ ಎಂದು ಕೇಳುವ ಕಾರ್ಯಸೂಚಿ ಆ ಸಭೆಯಲ್ಲಿ ಇರಲಿಲ್ಲ.

ಮೇಲುಕೋಟೆ ಕಡೆಯವರಿಗೆ ಶ್ರೀವೈಷ್ಣವರೊಳಗಿನ ತೆಂಗಲೆ, ವಡಗಲೆ ಪಂಗಡಗಳ ತಕರಾರು ಗೊತ್ತು. ಮಂಗನ ಮರಿ ತಾಯಿಯನ್ನು ಅವಚಿಕೊಂಡ ಹಾಗೆ ಭಕ್ತನೇ ದೇವರನ್ನು ಗಟ್ಟಿಯಾಗಿ ಹಿಡಿಯಬೇಕು ಅನ್ನುವುದು ವಡಗಲೆಯವರ ಮರ್ಕಟ ಕಿಶೋರ ನ್ಯಾಯ. ಬೆಕ್ಕು ಮರಿಯ ಕತ್ತು ಕಚ್ಚಿ ಎತ್ತಿಕೊಂಡು ಹೋಗುವಂತೆ ದೇವರೇ ನೋಡಿಕೊಳ್ಳುತ್ತಾನೆ, ಮರಿ ಸುಮ್ಮನಿದ್ದರೆ ಸಾಕು ಅನ್ನುವುದು ತೆಂಗಲೆಯವರ ಮಾರ್ಜಾಲ ಕಿಶೋರ ನ್ಯಾಯ. ಶತಮಾನಗಳ ವಾದ ಅದು. ಅಧ್ಯಕ್ಷರ ಮನೆಯಲ್ಲಿ ಮೂರನೇ ಪಂಥ ಹುಟ್ಟಿದೆ: ಬೆಕ್ಕೇ ದೇವರು, ಭಕ್ತನೇ ಅದನ್ನು ಎತ್ತಿಕೊಂಡು ತಿರುಗಬೇಕು, ದೇವರು ಪರಚಿದರೆ ಅದೇ ಪ್ರಸಾದ. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲೂ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ. ಆದರೆ ಅಲ್ಲಿಯವರು ಅದಕ್ಕೆ ಜನ್ಮದಿನದ ಟೋಪಿ ಹಾಕಿ ಕೇಕ್ ಕತ್ತರಿಸಿದ್ದು ಕೇಳಿಲ್ಲ.

ಬೆಕ್ಕಿಗೆ ಸಂಘದಲ್ಲಿ ಒಂದು ಹುದ್ದೆಯನ್ನೂ ಸೃಷ್ಟಿಸಬೇಕೆಂಬ ಪ್ರಸ್ತಾಪ ಈಗ ಬಂದಿದೆ. ನಿದರ್ಶನ ಲಂಡನ್ನಿನದು. ಬ್ರಿಟಿಷ್ ಪ್ರಧಾನಿಯ ನಿವಾಸದಲ್ಲಿ ಲ್ಯಾರಿ ಎಂಬ ಬೆಕ್ಕು 2011ರ ಫೆಬ್ರವರಿಯಿಂದ ಇದೆ, ಮುಖ್ಯ ಇಲಿ ಹಿಡಿಯುವ ಅಧಿಕಾರಿ ಎಂಬ ಪದವಿಯೂ ಇದೆ. ಕ್ಯಾಮರೂನ್‌ರಿಂದ 2024ರ ಜುಲೈನಲ್ಲಿ ಬಂದ ಸ್ಟಾರ್ಮರ್‌ವರೆಗೆ ಆರು ಪ್ರಧಾನಿಗಳನ್ನು ಅದು ಕಂಡಿತು. ಪ್ರಪಂಚವೆಲ್ಲ ಬೆರಗಾಯಿತು. ಇದರಲ್ಲಿ ಬೆರಗಿಗೆ ಏನಿದೆಯೋ ನನಗೆ ತಿಳಿಯದು. ಅಷ್ಟೇ ಅವಧಿಯಲ್ಲಿ ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್, ಸಿದ್ದರಾಮಯ್ಯ, ಕುಮಾರಸ್ವಾಮಿ, ಬೊಮ್ಮಾಯಿ ಎಂದು ವಿಧಾನಸೌಧದ ಮೆಟ್ಟಿಲ ಮೇಲಿನ ಯಾವ ಬೆಕ್ಕೂ ಆರು ಮುಖ್ಯಮಂತ್ರಿಗಳನ್ನು ಕಾಣಬಹುದಿತ್ತು. ಕೆಲವರನ್ನು ಎರಡೆರಡು ಸಲ. ನನಗೆ ಹಿಡಿಸಿದ್ದು ಬೇರೆ ಸಂಗತಿ. ಇಲಿಗಳ ಸಮಸ್ಯೆಗೆ ಲ್ಯಾರಿ ಪರಿಹಾರ ಚಿಂತಿಸುತ್ತಿದ್ದು, ಅದು ಇನ್ನೂ ಯೋಜನೆಯ ಹಂತದಲ್ಲಿದೆ ಎಂದು ಅವರ ಸರ್ಕಾರವೇ ಅಧಿಕೃತವಾಗಿ ಬರೆದುಕೊಂಡಿದೆ. ಇಷ್ಟು ಚೊಕ್ಕ ಉತ್ತರ ಕೊಡಬಲ್ಲ ಪ್ರಾಣಿ ನಮ್ಮಲ್ಲಿದ್ದರೆ ರಸ್ತೆ ಗುಂಡಿಗಳ ವಿಭಾಗಕ್ಕೆ ನೇರ ನೇಮಕಾತಿ.

ಸಿಂಬಾನ ಇಲಿ ಹಿಡಿಯುವ ಸಾಧನೆ ಕೇಳಿದಿರಾ? ಕಳೆದ ಮಳೆಗಾಲ ಬಾಲ್ಕನಿಗೆ ಒಂದು ಇಲಿ ಬಂದಾಗ ಸಿಂಬಾ ಫ್ರಿಜ್ಜಿನ ಮೇಲೆ ಹತ್ತಿತು. ಬೆಕ್ಕು ಹೆದರಿಕೊಂಡಿದೆ ಎಂದು ಅಧ್ಯಕ್ಷರು ಪೆಸ್ಟ್ ಕಂಟ್ರೋಲಿನವರನ್ನು ಕರೆಸಿದರು.

ಇಷ್ಟೆಲ್ಲದರ ನಿಜವಾದ ಫಲಾನುಭವಿ ಬೆಕ್ಕಲ್ಲ, ಮಂಗಳೂರಿನ ಕಡೆಯ ಒಂದು ಸಂಸಾರ. ಮನೆ ಹುಡುಕಿ ಹುಡುಕಿ ಸೋತಿದ್ದರು. ಹೆಸರು ಕೇಳಿ, ಊರು ಕೇಳಿ, ಆಮೇಲೆ ‘ನೀವು ಮೀನು ತಿಂತೀರಾ?’ ಎಂದು ಕೇಳಿ ಬಾಗಿಲು ಹಾಕುವ ಊರು ಇದು. ಬ್ರೋಕರ್ ಅನುಭವಸ್ಥ. ‘ಸಾರ್, ಒಂದು ಬೆಕ್ಕು ತಗೊಳ್ಳಿ,’ ಅಂದ. ಅವರಿಗೆ ಬೆಕ್ಕೆಂದರೆ ಮೊದಲು ಅಷ್ಟಕ್ಕಷ್ಟೆ. ಗತಿಯಿಲ್ಲದೆ ಓಣಿಯಲ್ಲಿದ್ದ ಒಂದು ಕುಂಟ ಬೆಕ್ಕನ್ನು ಮನೆಗೆ ತಂದರು. ಈಗ ಅದು ಮಂಚದ ಮೇಲೆ, ಯಜಮಾನರು ಚಾಪೆಯ ಮೇಲೆ, ಆ ಮಾತು ಇರಲಿ. ಅಧ್ಯಕ್ಷರು ಸಂದರ್ಶನಕ್ಕೆ ಕರೆದಾಗ ಬುಟ್ಟಿಯಲ್ಲಿ ಬೆಕ್ಕನ್ನೂ ಒಯ್ದರು. ಅಧ್ಯಕ್ಷರು ಅದರ ಗಂಟಲ ಕೆಳಗೆ ಕೆರೆದರು, ಕಾಲು ಏನಾಯಿತು ಎಂದು ಕೇಳಿ ಕಣ್ಣೊರೆಸಿಕೊಂಡರು, ಸಂಸಾರದ ಬಗ್ಗೆ ಏನೂ ಕೇಳದೆ ಕೀಲಿ ಕೊಟ್ಟರು. ಅಡ್ವಾನ್ಸ್‌ನಲ್ಲಿ ಎರಡು ತಿಂಗಳು ಇಳಿಸಿದರು ಕೂಡ.

ಭಾನುವಾರದ ಮೆಟ್ಟಿಲ ನಡಿಗೆ ಅಭ್ಯಾಸಬಲದಿಂದ ಇನ್ನೂ ನಡೆಯುತ್ತಿದೆ. ಮೊನ್ನೆ ಮೂರನೇ ಮಹಡಿಯಲ್ಲಿ ಅವರ ಮೂಗು ನಿಂತಿತು. ಕೊತ್ತಂಬರಿ ಬೀಜ ಹುರಿದ, ಹುಣಸೆಹುಳಿ ಕುದಿಯುವ, ತೆಂಗಿನೆಣ್ಣೆ ಬಿದ್ದ ಘಮ. ಕರೆಗಂಟೆ ಒತ್ತಿದರು.

‘ಏನ್ರೀ ಇದು, ಮೀನಿನ ವಾಸನೆ?’

‘ಬೆಕ್ಕಿಗೆ ಮಾರಾಯ್ರೆ. ಡಾಕ್ಟ್ರು ಹೇಳಿದ್ದಾರೆ, ಟಾರೀನ್ ಕಮ್ಮಿ ಉಂಟು ಅಂತ.’

ಅಧ್ಯಕ್ಷರ ಮುಖ ಕರಗಿತು. ಟಾರೀನ್ ವಿಷಯ ಅವರಿಗೆ ಗೊತ್ತಿಲ್ಲವೇ! ಹೊರಡಲು ತಿರುಗಿದವರು ಒಳಗೆ ಇಣುಕಿ, ಒಲೆಯ ಮೇಲಿನ ಪಾತ್ರೆಯ ಗಾತ್ರ ನೋಡಿ ನಿಂತರು.

‘ಒಂದು ಬೆಕ್ಕಿಗೆ ಎಷ್ಟು ತಂದಿದ್ದೀರಿ?’

‘ಎರಡು ಕೇಜಿ ಬಂಗುಡೆ.’

‘ಎರಡು ಕೇಜಿ? ನಮ್ಮ ಸಿಂಬಾ ಒಂದು ಪೌಚ್ ಮುಗಿಸೋಕೆ ಅಳ್ತಾನೆ!’

‘ಇವತ್ತು ಭಾನುವಾರ ಅಲ್ವಾ,’ ಎಂದರು ಅವರು, ಒಳಗಿನಿಂದ ಕೇಳಿಬರುತ್ತಿದ್ದ ನಾಲ್ಕೈದು ಜನರ ಮಾತಿಗಿಂತ ಸ್ವಲ್ಪ ಗಟ್ಟಿಯಾಗಿ. ‘ಊರಿಂದ ಬೆಕ್ಕಿನ ನೆಂಟರು ಬಂದಿದ್ದಾರೆ.’