ನೀರಿನಡಿಯ ಸರ್ಟಿಫಿಕೇಟು ಯಾರದ್ದು?

ನಮ್ಮ ಕಡೆ ಸರ್ಟಿಫಿಕೇಟ್ ಎಂದರೆ ಲ್ಯಾಮಿನೇಶನ್ ಮಾಡಿಸಿ ಬೀರುವಿನಲ್ಲಿ ಇಡುವ ವಸ್ತು. ಒಮ್ಮೆ ಪಾಸಾದರೆ ಆಯಿತು, ಮತ್ತೆ ಯಾರೂ ಕೇಳುವುದಿಲ್ಲ. ಈ ಸಂಸ್ಕಾರದಲ್ಲಿ ಬೆಳೆದ ನಾನು ಕ್ಯಾಲಿಫೋರ್ನಿಯಾಕ್ಕೆ ಬಂದು ವೈಜ್ಞಾನಿಕ ಡೈವಿಂಗ್, ಅಂದರೆ ಸಂಶೋಧನೆಗಾಗಿ ನೀರಿನಡಿಗೆ ಇಳಿಯುವ ಕೆಲಸ, ಕಲಿತಾಗ, ತಣ್ಣೀರಿಗಿಂತ ಹೆಚ್ಚು ನಡುಗಿಸಿದ್ದು ಇಲ್ಲಿನ ಕಾಗದಪತ್ರ. ಡೈವರ್ ಎನಿಸಿಕೊಳ್ಳುವುದು ಸಂಸ್ಥೆಯೊಂದರ ಹೆಸರಿನಲ್ಲಿ. ಸಂಸ್ಥೆ ಬಿಟ್ಟ ದಿನ ಆ ಅಧಿಕಾರವೂ ನಿಲ್ಲುತ್ತದೆ.

ಇದರ ಹಿಂದೆ ಒಂದು ಜಗಳವಿದೆ. 1970ರ ದಶಕದಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ವಾಣಿಜ್ಯ ಡೈವರ್‌ಗಳಿಗೆ ನಿಯಮ ಮಾಡಿತು. ಸಮುದ್ರದಡಿ ವೆಲ್ಡಿಂಗ್ ಮಾಡುವವನಿಗೂ ಮೀನು ಎಣಿಸುವ ವಿದ್ಯಾರ್ಥಿಗೂ ಒಂದೇ ಕಾನೂನು. 1950ರ ದಶಕದಿಂದ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ಮಾದರಿಯಲ್ಲಿ ತಮ್ಮದೇ ಶಿಸ್ತು ಪಾಲಿಸುತ್ತಿದ್ದ ವಿಜ್ಞಾನಿಗಳು 1977ರಲ್ಲಿ ಒಟ್ಟುಗೂಡಿ ಎಎಯುಎಸ್, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಅಂಡರ್‌ವಾಟರ್ ಸೈನ್ಸಸ್ ಕಟ್ಟಿದರು. 1982ರಲ್ಲಿ ಓಶಾ ನಿಯಮದಿಂದ ವಿನಾಯಿತಿ ಸಿಕ್ಕಿತು. ಪುಕ್ಕಟೆಯಾಗಿ ಅಲ್ಲ: ಪ್ರತಿ ಸಂಸ್ಥೆಗೂ ಲಿಖಿತ ಸುರಕ್ಷತಾ ಕೈಪಿಡಿ ಇರಬೇಕು, ಡೈವಿಂಗ್ ನಿಯಂತ್ರಣ ಮಂಡಳಿ ಇರಬೇಕು, ಅದರ ಬಹುಪಾಲು ಸದಸ್ಯರು ಸ್ವತಃ ನೀರಿಗಿಳಿಯುವವರಾಗಿರಬೇಕು. ಈ ಕೊನೆಯ ಷರತ್ತು ನನಗೆ ಬಹಳ ಹಿಡಿಸಿದ್ದು. ನೀರಿನ ವಿಷಯದಲ್ಲಿ ಮೈ ಒದ್ದೆ ಮಾಡಿಕೊಳ್ಳದವರ ಮಾತು ಮಂಡಳಿಯಲ್ಲಿ ಮೇಲಾಗಲಾರದು. ಬೇರೆ ಕ್ಷೇತ್ರಗಳಿಗೂ ಇದನ್ನು ಅನ್ವಯಿಸಿದರೆ ಎಷ್ಟು ಸಭೆಗಳು ಖಾಲಿಯಾದಾವೋ!

ಮನರಂಜನೆಯ ಡೈವಿಂಗ್ ಕಾರ್ಡು ಹಿಡಿದು ಹೋದವನಿಗೆ ಅದು ಬರಿಯ ಹೊಸ್ತಿಲು ಎಂದರು. ಎಎಯುಎಸ್ ಮಾನದಂಡದಂತೆ 100 ಗಂಟೆಗಳ ತರಬೇತಿ, ಮೇಲ್ವಿಚಾರಣೆಯಲ್ಲಿ ಕನಿಷ್ಠ 12 ಮುಳುಗು, ಪ್ರಥಮ ಚಿಕಿತ್ಸೆ, ಆಮ್ಲಜನಕ ಕೊಡುವ ವಿಧಾನ, ವೈದ್ಯಕೀಯ ತಪಾಸಣೆ. ಆಮೇಲೂ ವರ್ಷಕ್ಕೆ 12 ಮುಳುಗು ದಾಖಲಿಸುತ್ತಿರಬೇಕು. ಅಳತೆ ಪಟ್ಟಿ ಹಾಸಿ, ಒಂದು ಕೈಯಲ್ಲಿ ಸ್ಲೇಟು ಹಿಡಿದು, ಅಲೆಯ ಎಳೆತಕ್ಕೆ ತೂಗಾಡುತ್ತ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಕಾಂಡ ಎಣಿಸುವವನ ಗಮನವೆಲ್ಲ ಎಣಿಕೆಯಲ್ಲಿರುತ್ತದೆ. ಗಾಳಿ ಎಷ್ಟು ಉಳಿದಿದೆ ಎಂಬುದು ಮೈಗೇ ನೆನಪಿರಬೇಕು. ಅದು ಅಭ್ಯಾಸ ತಪ್ಪಿದರೆ ಉಳಿಯುವ ವಿದ್ಯೆಯಲ್ಲ.

ಯುರೋಪಿನ ದಾರಿ ಬೇರೆ. ಅಲ್ಲಿ ‘ಯುರೋಪಿಯನ್ ಸೈಂಟಿಫಿಕ್ ಡೈವರ್’ ಎಂಬ ಅರ್ಹತೆ ವ್ಯಕ್ತಿಯ ಹೆಸರಿಗೇ ಸಿಗುತ್ತದೆ; 70 ಮುಳುಗು ಬೇಕು, ಮೇಲಿನ ದರ್ಜೆಗೆ 100. ಅಲ್ಲಿಂದ ಬಂದ ಸಹೋದ್ಯೋಗಿಯೊಬ್ಬಳು ನಮ್ಮ ಪದ್ಧತಿಯನ್ನು ‘ಬಾಡಿಗೆ ಮನೆ’ ಎಂದು ಹಂಗಿಸುತ್ತಾಳೆ. ಪೂರ್ತಿ ತಪ್ಪಲ್ಲ. ಕೆಲಸ ಬದಲಿಸಿದ ನಡುವಿನ ಎಂಟು ತಿಂಗಳು ನಾನು ಯಾರ ಡೈವರೂ ಆಗಿರಲಿಲ್ಲ. ಹತ್ತು ವರ್ಷಗಳ ಲಾಗ್‌ಬುಕ್ ಕೈಯಲ್ಲಿದ್ದರೂ ಸಂಶೋಧನೆಗೆ ಇಳಿಯುವಂತಿರಲಿಲ್ಲ. ಸಂಸ್ಥೆಯ ನೆರಳಿಲ್ಲದ ಸ್ವತಂತ್ರ ಸಂಶೋಧಕರಿಗೆ ಈ ವ್ಯವಸ್ಥೆ ಕಠೋರ ಎಂಬುದನ್ನು ಒಪ್ಪುತ್ತೇನೆ.

ಆದರೂ ನನ್ನ ಮತ ಅಮೆರಿಕದ ಪದ್ಧತಿಗೇ. ಹೊಸ ಕೆಲಸಕ್ಕೆ ಸೇರಿದಾಗ ಹಳೆಯ ಸಂಸ್ಥೆಯ ಡೈವಿಂಗ್ ಸುರಕ್ಷತಾ ಅಧಿಕಾರಿ ನನ್ನ ತರಬೇತಿ, ಆಳದ ಮಿತಿಗಳನ್ನು ದೃಢೀಕರಿಸಿ ಪತ್ರ ಬರೆದರು. ಹೊಸ ಸಂಸ್ಥೆಯವರು ಒಮ್ಮೆ ನನ್ನನ್ನು ನೀರಿನಲ್ಲಿ ನೋಡಿ ಒಪ್ಪಿಕೊಂಡರು. ಎರಡೂ ಸಂಸ್ಥೆಗಳು ಎಎಯುಎಸ್ ಸದಸ್ಯರಾಗಿದ್ದರಿಂದ ಮೊದಲಿನಿಂದ ಶುರು ಮಾಡಬೇಕಾಗಲಿಲ್ಲ. ಸದಸ್ಯತ್ವದ ಬೆಲೆ ಇಲ್ಲಿದೆ. ವೈಯಕ್ತಿಕ ಸದಸ್ಯತ್ವವೂ ಉಂಟು. ಅದರಿಂದ ವಿಚಾರಸಂಕಿರಣ, ಗೆಳೆತನ ಸಿಗುತ್ತವೆ, ಡೈವಿಂಗ್ ಅಧಿಕಾರ ಸಿಗುವುದಿಲ್ಲ. ಹೊಸಬರು ಇವೆರಡನ್ನೂ ಒಂದೇ ಎಂದು ತಿಳಿದು ಹಣ ಕಟ್ಟಿ ಬೇಸರಪಡುವುದುಂಟು.

ದ್ವಾರಕೆಯ ಸಮುದ್ರದಡಿಯ ಶೋಧವನ್ನು ಮುನ್ನಡೆಸಿದವರು ಕನ್ನಡಿಗರೇ ಆದ ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್. ಇಲ್ಲಿನವರಿಗೆ ಅದನ್ನು ಹೇಳುವಾಗ ನನ್ನ ದನಿ ತುಸು ಏರುತ್ತದೆ. ಹಾಗೆಂದು ನನ್ನ ಸುರಕ್ಷತಾ ಅಧಿಕಾರಿ ರಿಯಾಯಿತಿ ಕೊಡುವುದಿಲ್ಲ. ಅರ್ಹತೆಯ ಆಳಕ್ಕೆ ಆರು ತಿಂಗಳಿಗೊಮ್ಮೆಯಾದರೂ ಇಳಿದಿರಬೇಕು. ನನ್ನದು 100 ಅಡಿ, ಕೊನೆಯ ಸಲ ಇಳಿದು ಐದು ತಿಂಗಳಾಯಿತು. ಶನಿವಾರ ಬೆಳಗ್ಗೆ ಏಳಕ್ಕೆ ದೋಣಿ ಹೊರಡುತ್ತದೆ.