ಮಂಡಗದ್ದೆಯಲ್ಲಿ ಮುಗಿದುಹೋದ ಕಾದಂಬರಿ

ನಾನು ‘ಮಲೆಗಳಲ್ಲಿ ಮದುಮಗಳು’ ಓದಿಲ್ಲ ಅನ್ನೋದು ನಮ್ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಅತ್ತೆ, “ಓದೋ ಅಭ್ಯಾಸ ಉಂಟಾ?” ಅಂದಿದ್ದರು. ತೀರ್ಥಹಳ್ಳಿ ಕಡೆಯ ಸಂಬಂಧ, ಇರಲಿ ಅಂತ ಕುವೆಂಪು ಹೆಸರು ಬಿಟ್ಟೆ. “ಮದುಮಗಳು ಎರಡು ಸಲ ಓದಿದ್ದೀನಿ.” ಒಂದು ಸಲ ಅಂದಿದ್ದರೂ ಸಾಕಾಗಿತ್ತು.

ಈ ಆಷಾಢದಲ್ಲಿ ಆ ಪಾಪ ತೊಳೆದುಕೊಳ್ಳಲು ಹೊರಟೆ. ಶಿವಮೊಗ್ಗದಲ್ಲಿ ಪುಸ್ತಕ ಕೊಂಡು ತೀರ್ಥಹಳ್ಳಿ ಬಸ್ಸು ಹತ್ತಿದೆ. 1967ರಲ್ಲಿ ಬಂದ ಕಾದಂಬರಿ, ಏಳುನೂರು ಪುಟಕ್ಕೂ ಜಾಸ್ತಿ. ತೊಡೆ ಮೇಲಿಟ್ಟುಕೊಂಡರೆ ಯಾರದೋ ಮಗುವನ್ನು ಕೂರಿಸಿಕೊಂಡ ಹಾಗೆ. ಗಾಜನೂರು ದಾಟುವಷ್ಟರಲ್ಲಿ ನಾನು ಬಸ್ಸಿನಲ್ಲಿ ಇರಲೇ ಇಲ್ಲ. ಗುತ್ತಿ ಕಾಡುದಾರಿಯಲ್ಲಿ ನಡೀತಿದ್ದಾನೆ, ಜೊತೆಗೆ ಅವನ ನಾಯಿ ಹುಲಿಯ. ಆ ನಾಯಿಯನ್ನು ನಾನು ಆಗಲೇ ಮನಸ್ಸಿನಲ್ಲೇ ಸಾಕಿಕೊಂಡಿದ್ದೆ.

ಪಕ್ಕದ ಸೀಟಿನಲ್ಲಿ ಎಲೆಅಡಿಕೆ ಜಗಿಯುತ್ತಿದ್ದ ಅಜ್ಜ ಒಬ್ಬರು ಬಗ್ಗಿ ನೋಡಿದರು.

“ಎಂತ ಓದೂದು ತಂಗಿ?”

ರಟ್ಟು ತೋರಿಸಿದೆ. ಅಜ್ಜನ ಮುಖ ಅರಳಿತು. ನಾಲ್ಕು ಸಲ ಓದಿದ್ದಾರಂತೆ. ಗುತ್ತಿಯ ಸುದ್ದಿ, ತಿಮ್ಮಿಯ ಸುದ್ದಿ ಎಲ್ಲ ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳಿದರು. ಬಸ್ಸು ಮಂಡಗದ್ದೆಗೆ ಬಂತು. ಅಲ್ಲಿ ತುಂಗೆ ರಸ್ತೆ ಪಕ್ಕದಲ್ಲೇ ಹರಿಯುತ್ತಾಳೆ. ಮಳೆಗಾಲ ಬೇರೆ, ಕೆಂಪಗೆ, ದಂಡೆ ತುಂಬ. ಅಜ್ಜ ಕಿಟಕಿಯಿಂದ ಪಿಚಕ್ ಅಂತ ಉಗಿದು, ಹೊಳೆಗೆ ಕೈ ತೋರಿಸಿದರು.

“ಇದೇ ಹೊಳೆಯಲ್ಲೇ ಅಲ್ವಾ ಕಡೆಗೆ ಹುಲಿಯ ಕೊಚ್ಚಿಕೊಂಡು ಹೋಗೂದು. ಪಾಪದ ನಾಯಿ ಮಾರಾಯ್ತಿ.”

ನಾನಿನ್ನೂ ಮೂವತ್ತನೇ ಪುಟದಲ್ಲಿದ್ದೆ. ಉಳಿದ ಮೂವತ್ತು ಚಿಲ್ಲರೆ ಕಿಲೋಮೀಟರು ಪುಸ್ತಕ ಮುಚ್ಚಿಕೊಂಡು ಹೊಳೆ ನೋಡುತ್ತ ಕೂತೆ. ಅಜ್ಜ ಇಳಿಯುವಾಗ ನನ್ನ ಕೈಗೆ ಒಂದು ಹೋಳು ಅಡಿಕೆ ಇಟ್ಟು ಹೋದರು. ಸಮಾಧಾನಕ್ಕೋ ಏನೋ.

ಮನೆಯಲ್ಲಿ ಕದ್ದು ಓದಬೇಕಾದ ಫಜೀತಿ. ಎರಡು ಸಲ ಓದಿದವಳು ಮತ್ತೆ ಕಣ್ಣರಳಿಸಿಕೊಂಡು ಓದಿದರೆ ಅನುಮಾನ ಬರುತ್ತದೆ. ತೋಟ ನೋಡಿ ಬರುತ್ತೇನೆ ಅಂತ ಹೋಗಿ, ಬಂದು, ಜಗಲಿಯ ಮೂಲೆಯಲ್ಲಿ ಕೂತೆ. ಹತ್ತು ಪುಟ ಆದ ಮೇಲೆ ಪಾದದ ಹತ್ತಿರ ತಣ್ಣಗೆ ಏನೋ. ಇಂಬಳ! ಹೊಟ್ಟೆ ತುಂಬ ಕುಡಿದು, ಹಣ್ಣು ನೇರಳೆಯ ಗಾತ್ರಕ್ಕೆ ಉಬ್ಬಿ, ತಾನೇ ಉದುರಿ ಬಿದ್ದಿತ್ತು. ಇಂಬಳ ಕಚ್ಚಿದ ಗಾಯದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅದರ ಎಂಜಲಿನ ಮಹಿಮೆ ಅದು. ಗಾಬರಿಯಲ್ಲಿ ಒರೆಸಿಕೊಂಡ ಕೈಯಲ್ಲೇ ಪುಟ ತಿರುಗಿಸಿದೆ. ಈಗ ಅಲ್ಲೊಂದು ಹೆಬ್ಬೆಟ್ಟಿನ ಗುರುತು. ಸಾಲಪತ್ರಕ್ಕೆ ಒತ್ತಿದ ಹಾಗಿದೆ.

ಆಮೇಲೆ ಬಂದದ್ದು ಬೂಷ್ಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ನಮ್ಮೂರಿಗೆ ಅಷ್ಟಿಲ್ಲದಿದ್ದರೂ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದಕ್ಕೂ ರಿಯಾಯಿತಿ ಇಲ್ಲ. ಹಾಸಿಗೆ ಅಡಿ ಬಚ್ಚಿಟ್ಟ ಪುಸ್ತಕ ವಾರದಲ್ಲಿ ನೆನೆಸಿದ ಅವಲಕ್ಕಿಯ ಹಾಗೆ ಉಬ್ಬಿತು. ಒಂದು ಸಂಜೆ ನೋಡಿದರೆ ಪುಸ್ತಕವೇ ಇಲ್ಲ.

ಬಚ್ಚಲಮನೆಯಲ್ಲಿತ್ತು. ಹಂಡೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ, ಮಾವನ ಪಂಚೆಗೂ ನನ್ನ ಲಂಗಕ್ಕೂ ನಡುವೆ, ಕವುಚಿಕೊಂಡು ನೇತಾಡುತ್ತಿತ್ತು. ಅದರ ಭಾರಕ್ಕೆ ಹಗ್ಗ ಜೋತುಬಿದ್ದು ಪಂಚೆಯ ಅಂಚು ಬೂದಿಗೆ ತಾಗಿತ್ತು.

“ಬೂಷ್ಟು ಹಿಡಿದಿತ್ತು, ಒಣಗಿಸಿದೆ” ಅಂದರು ಅತ್ತೆ. ಬೇರೇನೂ ಕೇಳಲಿಲ್ಲ.

ಪುಸ್ತಕ ಗರಿಗರಿಯಾಗಿ ಹೊಗೆ ವಾಸನೆ ಹೊಡೆಯುತ್ತಿತ್ತು. ನಿಜ ಹೇಳಬೇಕಂದರೆ ಈ ಕಾದಂಬರಿಗೆ ಆ ವಾಸನೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ನನ್ನ ಕೈಗೆ ಸಿಗಲಿಲ್ಲ. ಒಲೆಗೆ ಅಡಿಕೆ ಸಿಪ್ಪೆ ಹಾಕುತ್ತ ಅತ್ತೆ ಒಂದು ಪುಟ ನೋಡಿದರಂತೆ, ಅಷ್ಟೇ. ಆಮೇಲೆ ಅನ್ನ ಸೀದಿತು, ಹಾಲು ಉಕ್ಕಿತು. ನಾನು ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ದಾಟಿ ಅವರ ಊದುಬತ್ತಿ ಕಡ್ಡಿ ಎಷ್ಟೋ ಮುಂದೆ ಹೋಯಿತು.

ಒಂದು ರಾತ್ರಿ ಕರೆಂಟು ಹೋಗಿತ್ತು. ಅತ್ತೆ ಟಾರ್ಚು ಹಿಡಿದುಕೊಂಡು ನನ್ನ ಕೋಣೆ ಬಾಗಿಲಿಗೆ ಬಂದರು. ಹಿಂದೆ ನಮ್ಮನೆ ನಾಯಿ.

“ನೀನು ಎರಡು ಸಲ ಓದಿದ್ದೀಯಲ್ಲ. ಆ ಹುಲಿಯಗೆ ಎಂತೂ ಆಗೂದಿಲ್ಲ ತಾನೆ?”

ಹೊರಗೆ ಮಳೆ ಧೋ ಅನ್ನುತ್ತಿತ್ತು. ನಾಯಿಯೂ ನನ್ನನ್ನೇ ನೋಡುತ್ತಿತ್ತು.

“ಎಂತೂ ಆಗೂದಿಲ್ಲ ಅತ್ತೆ. ಆರಾಮಾಗಿರ್ತದೆ.”

ಮೂರನೇ ದಿನ ಬೆಳಿಗ್ಗೆ ಎದ್ದಾಗ ಪುಸ್ತಕ ನನ್ನ ತಲೆದಿಂಬಿನ ಪಕ್ಕದಲ್ಲಿತ್ತು. ಊದುಬತ್ತಿ ಕಡ್ಡಿ ಅದರಲ್ಲಿ ಇರಲಿಲ್ಲ. ಅಡುಗೆಮನೆಗೆ ಹೋದೆ. ಅತ್ತೆ ಮಾತಾಡಲಿಲ್ಲ. ನಾಯಿಗೆ ಎರಡು ದೋಸೆ, ಮೇಲೆ ಬೆಣ್ಣೆ. ನನಗೆ ಒಂದು, ಚಟ್ನಿ ಕೂಡ ಇಲ್ಲದ್ದು.